ಟರ್ಮಿನಲ್ಲಿನ ಹಳೆಯ ಕರಾರು



ಆಲಮಟ್ಟಿಯಲ್ಲಿ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಕಡೆ ಹೊರಟವರಿಗೆ ಇಂದು ಟಿಕೆಟ್ ಫೋನಿನಲ್ಲೇ ಸಿಗುತ್ತದೆ. ಅದಕ್ಕೂ ಮುಂಚೆ ರಿಸರ್ವೇಶನ್ ಬೇಕೆಂದರೆ ದೊಡ್ಡ ಊರಿನ ಕೌಂಟರಿಗೆ ಹೋಗಿ ಪಾಳಿ ಹಚ್ಚಬೇಕಿತ್ತು. ಗಾಜಿನಾಚೆ ಕೂತ ಗುಮಾಸ್ತರ ಮುಂದೆ ಕಪ್ಪು ಪರದೆ, ಅದರ ಮೇಲೆ ಹೊಳೆಯುವ ಇಂಗ್ಲಿಷ್ ಅಕ್ಷರ. ಮೌಸ್ ಇರಲಿಲ್ಲ. ಅವರು ಕೀಲಿಮಣೆ ಕುಟ್ಟಿದರೆ ಬದಿಯ ಪ್ರಿಂಟರ್ ಕಿರುಗುಟ್ಟಿ ಟಿಕೆಟ್ ಉಗುಳುತ್ತಿತ್ತು.

ಬರ್ತ್ ಖಾಲಿ ಇದೆಯೋ ಇಲ್ಲವೋ ಎಂದು ನೋಡುತ್ತಿದ್ದದ್ದು ಆ ಪರದೆಯಲ್ಲ. ಗದಗ–ಹೊಟಗಿ ಮಾರ್ಗ 2003ರವರೆಗೆ ದಕ್ಷಿಣ ಮಧ್ಯ ರೈಲ್ವೆಗೆ ಸೇರಿತ್ತು. ಅದರ ಕೇಂದ್ರ ಕಚೇರಿ ಇದ್ದದ್ದು ಸಿಕಂದರಾಬಾದಿನಲ್ಲಿ. ಕಾನ್ಸರ್ಟ್ ಎಂಬ ರಿಸರ್ವೇಶನ್ ವ್ಯವಸ್ಥೆ 1994ರಲ್ಲಿ ಮೊದಲು ಶುರುವಾದದ್ದೂ ಅಲ್ಲಿಯೇ. ಲೆಕ್ಕವೆಲ್ಲ ಅಲ್ಲಿನ ಗಣಕದ್ದು; ಕೌಂಟರಿನಲ್ಲಿದ್ದದ್ದು ತಂತಿಯ ಈ ತುದಿ ಮಾತ್ರ. ಅದಕ್ಕೇ ಟರ್ಮಿನಲ್ ಎನ್ನುತ್ತಾರೆ. ರೈಲ್ವೆಯ ಗಣಕಗಳು ನಡೆಯುತ್ತಿದ್ದದ್ದು ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಮೇಲಲ್ಲ, ವಿಎಂಎಸ್ ಎಂಬ ಇನ್ನೊಂದರ ಮೇಲೆ. ಆದರೂ ಅವನ್ನು ತಯಾರಿಸಿದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್, ಅಂದರೆ ಡೆಕ್ ಕಂಪನಿಯೇ, ನಮ್ಮ ಈ ಕಥೆಯ ಮುಖ್ಯ ಪಾತ್ರ.

ಕಥೆ ಶುರುವಾಗುವುದು ಕಾಗದದಿಂದ. 1963ರಲ್ಲಿ ಬಂದ ಟೆಲಿಟೈಪ್ 33 ಎಂಬ ಯಂತ್ರ ಸೆಕೆಂಡಿಗೆ 10 ಅಕ್ಷರ ಅಚ್ಚು ಹಾಕುತ್ತಿತ್ತು. ಒಂದು ಸಾಲಿಗೆ 72 ಅಕ್ಷರ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯುನಿಕ್ಸ್ ಕಟ್ಟತೊಡಗಿದಾಗ ಎದುರಿಗಿದ್ದದ್ದು ಇಂಥದೇ ಯಂತ್ರ. ಎಲ್‌ಎಸ್, ಸಿಪಿ, ಆರ್‌ಎಂ ಎಂದು ಎರಡೆರಡೇ ಅಕ್ಷರದ ಆಜ್ಞೆಗಳು ಯಾಕೆ ಎಂದು ಇಂದಿನ ವಿದ್ಯಾರ್ಥಿಗಳು ಕೇಳುತ್ತಾರೆ. ಆ ಗಡುಸು ಕೀಲಿಗಳನ್ನು ದಿನವಿಡೀ ಒತ್ತಿದವರಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

ಕಾಗದ ಮುಂದಕ್ಕೆ ಮಾತ್ರ ಸರಿಯುತ್ತದೆ. ಗಾಜಿನ ಪರದೆ ಬಂದಾಗ ಹೊಸ ಸವಲತ್ತು ಸಿಕ್ಕಿತು: ಕರ್ಸರನ್ನು ಬೇಕಾದ ಕಡೆ ಒಯ್ದು ನಿಲ್ಲಿಸಬಹುದು. ತಕರಾರು ಶುರುವಾದದ್ದೂ ಅಲ್ಲಿಯೇ. ಪ್ರತಿ ಕಂಪನಿಯ ಪರದೆಗೂ ಬೇರೆ ಬೇರೆ ಸಂಕೇತ. ಐದನೇ ಸಾಲಿನ ಹತ್ತನೇ ಮನೆಗೆ ಹೋಗು ಎನ್ನಬೇಕು, ಅಷ್ಟೇ. ಡೆಕ್‌ನ 1975ರ ವಿಟಿ52ಕ್ಕಾದರೆ ಎಸ್ಕೇಪ್, ವೈ, ಆಮೇಲೆ ಡಾಲರ್ ಚಿಹ್ನೆ, ಆಮೇಲೆ ಮುಚ್ಚುವ ಆವರಣ. ಡಾಲರ್ ಯಾಕೆಂದರೆ ಸಾಲಿನ ಸಂಖ್ಯೆಗೆ 31 ಕೂಡಿಸಿ, ಆ ಮೊತ್ತದ ಅಕ್ಷರವನ್ನು ಕಳಿಸಬೇಕಿತ್ತು. 36ನೆಯದು ಡಾಲರ್, 41ನೆಯದು ಮುಚ್ಚುವ ಆವರಣ. ಅದೇ ಕಂಪನಿಯ 1978ರ ವಿಟಿ100ಕ್ಕೆ ಅದೇ ಮಾತನ್ನು ಹೇಳುವ ಬಗೆ ಬೇರೆ: ಎಸ್ಕೇಪ್, ಚೌಕ ಆವರಣ, 5, ಸೆಮಿಕೋಲನ್, 10, ಎಚ್. ಒಂದಕ್ಕೆ ಹೇಳಬೇಕಾದದ್ದನ್ನು ಇನ್ನೊಂದಕ್ಕೆ ಕಳಿಸಿದರೆ ಕರ್ಸರ್ ಬೇಕಾದ ಕಡೆ ಹೋಗುವುದಿಲ್ಲ, ಪರದೆಯ ಮೇಲೆ ಕಸ ಬೀಳುತ್ತದೆ.

ಇದಕ್ಕೆ ದಾರಿ ಕಂಡದ್ದು ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ಓದುತ್ತಿದ್ದ ಬಿಲ್ ಜಾಯ್. ಅವರು ವಿಐ ಎಂಬ ಬರವಣಿಗೆಯ ತಂತ್ರಾಂಶ ಬರೆದದ್ದು ಎಡಿಎಂ-3ಎ ಎಂಬ ಟರ್ಮಿನಲ್ಲಿನ ಮುಂದೆ ಕೂತು. ಅದರ ಕೀಲಿಮಣೆಯಲ್ಲಿ ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಬಾಣದ ಗುರುತುಗಳಿದ್ದವು. ವಿಐ ಬಳಸುವವರು ಇಂದಿಗೂ ಅದೇ ನಾಲ್ಕು ಕೀಲಿಗಳಲ್ಲಿ ಓಡಾಡುವುದು ಆ ಕಾರಣಕ್ಕೆ. ತಂತ್ರಾಂಶದೊಳಗೆ ಯಾವ ಕಂಪನಿಯ ಸಂಕೇತವನ್ನೂ ಹುಗಿಯದೆ, ಎಲ್ಲ ಟರ್ಮಿನಲ್‌ಗಳ ಗುಣಲಕ್ಷಣ ಬರೆದಿಟ್ಟ ಒಂದು ಕಡತವನ್ನು ಜಾಯ್ ಬೇರೆಯೇ ಇಟ್ಟರು. ಅದು ಟರ್ಮ್‌ಕ್ಯಾಪ್. ಬಳಕೆದಾರ ತನ್ನ ಎದುರಿಗಿರುವ ಪರದೆಯ ಹೆಸರನ್ನು ಟರ್ಮ್ ಎಂಬ ಚರಾಕ್ಷರದಲ್ಲಿ ಇಟ್ಟರೆ ಸಾಕು, ತಂತ್ರಾಂಶ ಕಡತ ತೆರೆದು ತಕ್ಕ ಸಂಕೇತವನ್ನು ತಾನೇ ಹುಡುಕಿಕೊಳ್ಳುತ್ತದೆ. ಮುಂದೆ ಮಾರ್ಕ್ ಹಾರ್ಟನ್ ಇದನ್ನೇ ತಿದ್ದಿ ಟರ್ಮ್‌ಇನ್ಫೋ ಮಾಡಿದರು. ನಿಮ್ಮ ಲಿನಕ್ಸ್‌ನಲ್ಲಿರುವುದು ಅದೇ. ನನ್ನ ಮಟ್ಟಿಗೆ ಯುನಿಕ್ಸ್‌ನ ಜಾಣತನ ಕಾಣಬೇಕಾದರೆ ಈ ಸಣ್ಣ ಕಡತವನ್ನೇ ನೋಡಬೇಕು.

ಅಷ್ಟರಲ್ಲಿ ವಿಟಿ100 ಎಷ್ಟು ಹಬ್ಬಿತೆಂದರೆ ಉಳಿದವರೂ ಅದರ ನಕಲು ಮಾಡತೊಡಗಿದರು. 1984ರಲ್ಲಿ ಮಾರ್ಕ್ ವಾಂಡೆವೂರ್ಡ್ ಎಕ್ಸ್‌ಟರ್ಮ್ ಬರೆಯಲು ಶುರು ಮಾಡಿದರು. ಇನ್ನು ಪರದೆಯ ಪೆಟ್ಟಿಗೆಯೇ ಬೇಕಿರಲಿಲ್ಲ. ಕಿಟಕಿಯೊಳಗಿನ ಒಂದು ತಂತ್ರಾಂಶವೇ ವಿಟಿ100ರ ವೇಷ ಹಾಕುತ್ತಿತ್ತು. ಎಮ್ಯುಲೇಟರ್ ಎನ್ನುವುದು ಇದಕ್ಕೇ. 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಮನೆಯಿಂದ ವಿಶ್ವವಿದ್ಯಾಲಯದ ಯುನಿಕ್ಸ್ ಮುಟ್ಟಲು ಇಂಥದೇ ಎಮ್ಯುಲೇಟರ್ ಬರೆಯಲು ಹೋದರು; ಅದು ಬೆಳೆದು ಲಿನಕ್ಸ್ ಆಯಿತು.

ನಮ್ಮ ಮುದ್ದೇಬಿಹಾಳ, ಬಾಗೇವಾಡಿ, ಸಿಂದಗಿ, ಇಂಡಿ ಕಡೆಯ ಹುಡುಗ ಹುಡುಗಿಯರು ಇಂದು ಬೆಂಗಳೂರಿನಲ್ಲಿ ಕೂತು ಎಲ್ಲೋ ಇರುವ ಸರ್ವರ್ ನಡೆಸುತ್ತಾರೆ. ಅವರಿಗೆ ಒಂದು ಮಾತು. ಎಸ್‌ಎಸ್‌ಎಚ್ ಮೂಲಕ ಹಳೆಯ ಸರ್ವರ್ ಹೊಕ್ಕಾಗ ಟರ್ಮಿನಲ್ ಯಾವುದೆಂದು ಗೊತ್ತಿಲ್ಲ ಎಂಬ ದೂರು ಬಂದರೆ ಗಾಬರಿ ಬೇಡ. ಎಸ್‌ಎಸ್‌ಎಚ್ ನಿಮ್ಮ ಟರ್ಮ್ ಹೆಸರನ್ನು ಆ ಕಡೆ ಒಯ್ದಿದೆ, ಆ ಹೆಸರು ಅಲ್ಲಿನ ಟರ್ಮ್‌ಇನ್ಫೋದಲ್ಲಿ ಇಲ್ಲ, ಅಷ್ಟೇ. ಇನ್ಫೋಸಿಎಂಪಿ ಆಜ್ಞೆಯಿಂದ ನಿಮ್ಮ ಕಡೆಯ ವಿವರ ತೆಗೆದು, ಅಲ್ಲಿ ಟಿಕ್ ಆಜ್ಞೆಯಿಂದ ಸೇರಿಸಿ. ಬೇಸತ್ತು ಶೆಲ್ಲಿನ ಕಡತದಲ್ಲಿ ಟರ್ಮ್‌ಗೆ ಒಂದು ಹೆಸರನ್ನು ಕಾಯಂ ಬರೆದಿಡುವವರಿದ್ದಾರೆ. ಅದು ಸುಳ್ಳು ಗುರುತಿನ ಚೀಟಿ. ಇವತ್ತಲ್ಲ ನಾಳೆ ಎಡವಿಸುತ್ತದೆ.

ಇನ್ನು ಕನ್ನಡದ ಮಾತು. ವಿಟಿ52, ವಿಟಿ100ರ ಪರದೆ ಎಂದರೆ 24 ಸಾಲು, 80 ಮನೆ, ಮನೆಗೊಂದು ಅಕ್ಷರ. ಇಂಗ್ಲಿಷಿಗೆ ಇದು ಸರಿ. ನಮ್ಮ ಒತ್ತಕ್ಷರ, ಗುಣಿತಗಳಿಗೆ ಅಲ್ಲ. ಐಐಟಿ ಕಾನ್ಪುರದಲ್ಲಿ ಶುರುವಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂಡ 1980ರ ದಶಕದಲ್ಲೇ ಇದಕ್ಕೆ ಕೈ ಹಾಕಿತು. ಜಿಸ್ಟ್ ಟರ್ಮಿನಲ್ ಕನ್ನಡವೂ ಸೇರಿ ಭಾರತೀಯ ಲಿಪಿಗಳನ್ನು ತೋರಿಸುತ್ತಿತ್ತು, ಅಕ್ಷರ ಜೋಡಿಸುವ ಕೆಲಸವನ್ನು ತಾನೇ ಮಾಡಿಕೊಳ್ಳುತ್ತಿತ್ತು. ಅದರ ಹಿಂದಿದ್ದ ಇಸ್ಕಿ ಸಂಕೇತ 1991ರಲ್ಲಿ ಭಾರತೀಯ ಮಾನಕವಾಯಿತು. ಯುನಿಕೋಡ್‌ನ ಕನ್ನಡ ಭಾಗಕ್ಕೂ 1988ರ ಇಸ್ಕಿಯೇ ಆಧಾರ.

ಇಷ್ಟಾದರೂ ಇಂದಿನ ಎಮ್ಯುಲೇಟರಿನಲ್ಲಿ ‘ಆಲಮಟ್ಟಿ’ ಎಂದು ಬರೆದು ನೋಡಿ. ಯುನಿಕೋಡ್‌ನಲ್ಲಿ ಅದು ಏಳು ಸಂಕೇತ: ಆ, ಲ, ಮ, ಟ, ಅರ್ಧಾಕ್ಷರದ ಗುರುತು, ಮತ್ತೆ ಟ, ಗುಡಿಸು. ಅಗಲ ಅಳೆಯುವ ಡಬ್ಲ್ಯುಸಿವಿಡ್ತ್ ಎಂಬ ಲೆಕ್ಕದ ಪ್ರಕಾರ ಐದು ಮನೆ. ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ಈ ಮೂರು ಲೆಕ್ಕ ಹೊಂದದ್ದರಿಂದಲೇ ಒತ್ತು ಬಿಡಿಯಾಗಿ ನಿಲ್ಲುತ್ತದೆ, ಕರ್ಸರ್ ಬೇರೆಲ್ಲೋ ಮಿನುಗುತ್ತದೆ. ಎಂಎಲ್‌ಟರ್ಮ್‌ನಂಥ ಕೆಲವು ಎಮ್ಯುಲೇಟರ್‌ಗಳು ಭಾರತೀಯ ಲಿಪಿಗಳನ್ನು ಮನಸ್ಸಿಟ್ಟು ನಡೆಸಿಕೊಂಡಿವೆ. ಬಹಳಷ್ಟು ಇನ್ನೂ ವಿಟಿ100ರ ಮನೆ ಲೆಕ್ಕವನ್ನೇ ಹಿಡಿದು ಕೂತಿವೆ. ದೋಷ ನಮ್ಮ ಲಿಪಿಯದ್ದಲ್ಲ, ಆ ಲೆಕ್ಕದ್ದು. ಈ ಎಮ್ಯುಲೇಟರ್‌ಗಳಲ್ಲಿ ಹೆಚ್ಚಿನವುಗಳ ಮೂಲ ಸಂಕೇತ ಎಲ್ಲರಿಗೂ ತೆರೆದಿದೆ. ಕೇಳುತ್ತಿರುವ ಎಂಜಿನಿಯರಿಂಗ್ ಮಕ್ಕಳೇ, ನಿಮ್ಮ ಟರ್ಮಿನಲ್ಲಿನಲ್ಲಿ ನಿಮ್ಮೂರಿನ ಹೆಸರು ಸರಿಯಾಗಿ ಮೂಡದಿದ್ದರೆ ಅದನ್ನು ಬರೆದವರಿಗೆ ದೋಷವರದಿ ಕಳಿಸಿ. ಕೈಲಾದರೆ ನೀವೇ ತಿದ್ದಿ ಕಳಿಸಿ.