ಸಂಭಾವಿತರ ಮನೆಯ ಗುಟ್ಟು

‘ಕೆಟ್ಟ ಹೆಣ್ಣು’ ಎಂಬ ಮಾತನ್ನು ನಾವು ಬಹು ಸುಲಭವಾಗಿ ಆಡಿಬಿಡುತ್ತೇವೆ. ಹಾಗೆ ಆಡುವವರ ಮನೆಯೊಳಗೆ ಏನಿದೆಯೆಂದು ವಿಚಾರಿಸುವವರು ಕಡಮೆ. ಅದನ್ನು ವಿಚಾರಿಸಿದ ಒಂದು ಚಲಚ್ಚಿತ್ರದ ವಿಷಯವನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ. ಅದು ಮೆಕ್ಸಿಕೋ ದೇಶದ್ದು. 1950ರಲ್ಲಿ ತೆರೆಗೆ ಬಂದದ್ದು. ಹೆಸರು ‘ಅವೆಂತುರೇರಾ’. ನಿರ್ದೇಶಕರು ಆಲ್ಬೆರ್ತೊ ಗೌಟ್. ನಾಯಕಿ ಎಲೆನಾಳ ಪಾತ್ರ ಕ್ಯೂಬಾದಲ್ಲಿ ಹುಟ್ಟಿದ ನರ್ತಕಿ ನಿನೋನ್ ಸೆವಿಯಾ ಅವರದು.

ಎಲೆನಾ ಚಿವಾವಾ ಪಟ್ಟಣದ ಅನುಕೂಲಸ್ಥರ ಮಗಳು. ಒಂದು ದಿನ ತಾಯಿ ಪರಪುರುಷನೊಡನೆ ಮನೆ ಬಿಟ್ಟು ಹೋಗುತ್ತಾಳೆ. ತಂದೆ ಗುಂಡು ಹಾರಿಸಿಕೊಂಡು ಸಾಯುತ್ತಾನೆ. ಹುಡುಗಿ ಕೆಲಸ ಹುಡುಕುತ್ತ ಗಡಿಯ ಊರಾದ ಸಿಯುದಾದ್ ಹ್ವಾರೆಸ್‌ಗೆ ಬರುತ್ತಾಳೆ. ಕೆಲಸ ಕೊಟ್ಟವರ ಕಣ್ಣೆಲ್ಲ ಅವಳ ಮೈಮೇಲೆಯೇ. ಕೊನೆಗೆ ಪರಿಚಯದವನೊಬ್ಬ ಅವಳನ್ನು ನಂಬಿಸಿ ಒಂದು ನೈಟ್ ಕ್ಲಬ್ಬಿಗೆ ಕರೆದೊಯ್ಯುತ್ತಾನೆ. ಅಲ್ಲಿಯ ಯಜಮಾನಿ ರೊಸೌರಾ ಮತ್ತು ಬರಿಸುವ ಪಾನೀಯ ಕೊಟ್ಟು ಆಕೆಯನ್ನು ಬಲೆಗೆ ಕೆಡಹುತ್ತಾಳೆ.

ಕುಣಿಯುತ್ತ, ಗಿರಾಕಿಗಳನ್ನು ರಂಜಿಸುತ್ತ ದಿನ ಕಳೆದ ಎಲೆನಾ ಅಲ್ಲಿಂದ ತಪ್ಪಿಸಿಕೊಂಡು ಮೆಕ್ಸಿಕೋ ನಗರದಲ್ಲಿ ಹೆಸರಾಂತ ನರ್ತಕಿಯಾಗುತ್ತಾಳೆ. ಮಾರಿಯೊ ಎಂಬ ತರುಣ ಅವಳನ್ನು ಮೆಚ್ಚಿ, ತಾಯಿಗೆ ತೋರಿಸಲೆಂದು ಗ್ವಾದಲಹಾರಾದ ತನ್ನ ಮನೆಗೆ ಕರೆದೊಯ್ಯುತ್ತಾನೆ. ಊರಿಗೆಲ್ಲ ಮಾನ್ಯಳಾದ ಆ ತಾಯಿ ಯಾರೆಂದು ಬಲ್ಲಿರಾ? ಅದೇ ರೊಸೌರಾ! ಆಕೆಯ ಇನ್ನೊಂದು ಬಾಳು ಮಕ್ಕಳಿಗೆ ಗೊತ್ತೇ ಇಲ್ಲ.

ಈ ಪಾತ್ರವನ್ನು ಆಂದ್ರೆಯಾ ಪಾಲ್ಮಾ ಅವರಿಗೆ ಕೊಟ್ಟದ್ದರಲ್ಲಿ ಒಂದು ಸ್ವಾರಸ್ಯವಿದೆ. ‘ಬಂದರಿನ ಹೆಂಗಸು’ ಎಂಬ ಅರ್ಥದ ಹೆಸರುಳ್ಳ 1934ರ ಚಿತ್ರದಲ್ಲಿ ಮೈಮಾರಿಕೊಂಡ ನತದೃಷ್ಟೆಯ ಪಾತ್ರ ವಹಿಸಿದವರು ಅವರೇ.

ಮಿಗೆಲ್ ಅಲೆಮಾನ್ ಅಧ್ಯಕ್ಷರಾಗಿದ್ದ 1946ರಿಂದ 1952ರವರೆಗಿನ ಕಾಲದಲ್ಲಿ ಮೆಕ್ಸಿಕೋದಲ್ಲಿ ಇಂಥ ಕ್ಲಬ್ಬಿನ ಕಥೆಗಳು ಹಲವು ಬಂದವು. ಹಳ್ಳಿ ಬಿಟ್ಟ ಜನ ನಗರಕ್ಕೆ ಬರುತ್ತಿದ್ದ ಕಾಲ ಅದು. ಒಬ್ಬಂಟಿ ಹುಡುಗಿಯ ಪಾಡು ಪ್ರೇಕ್ಷಕರಿಗೆ ದೂರದ ಮಾತಾಗಿರಲಿಲ್ಲ. ಆದರೆ ಅಂಥ ಕಥೆಗಳಲ್ಲಿ ಜಾರಿದವಳು ಅತ್ತು ಸಾಯುವುದೇ ವಾಡಿಕೆ. ಎಲೆನಾ ಸಾಯುವುದಿಲ್ಲ. ಬೇಕೆಂದೇ ಮಾರಿಯೊನನ್ನು ಮದುವೆಯಾಗಿ, ಸೊಸೆಯಾಗಿ ಆ ಮನೆಯಲ್ಲೇ ಕೂರುತ್ತಾಳೆ. ಅತ್ತೆ ಬಾಯಿ ಬಿಡುವಂತಿಲ್ಲ. ಬಿಟ್ಟರೆ ತನ್ನ ಮಾನವೇ ಹೋದೀತು.

ನೋಡುವವರಿಗೆ ಒಳಗೊಳಗೇ ಸಂತೋಷವಾಗುತ್ತದೆ. ಆದರೆ ಈ ಸೇಡಿನ ನಡುವೆ ಮಾರಿಯೊ ಮಾಡಿದ ತಪ್ಪೇನು? ಸಾವಿನ ಹಾಸಿಗೆಯಲ್ಲಿರುವ ತನ್ನ ಹೆತ್ತ ತಾಯಿಯನ್ನೂ ಎಲೆನಾ ಕ್ಷಮಿಸಲಾರಳು. ಹಿರಿಯರು ಮುಚ್ಚಿಟ್ಟ ಗುಟ್ಟಿನ ಸಾಲವನ್ನು ಕಿರಿಯರು ತೀರಿಸಬೇಕಾಗುತ್ತದೆ. ಕೊನೆಗೆ ಎಲ್ಲವನ್ನೂ ತಿಳಿದ ಮೇಲೆಯೂ ಮಾರಿಯೊ ಅವಳ ಕೈ ಬಿಡುವುದಿಲ್ಲ. ಇಬ್ಬರೂ ಒಟ್ಟಿಗೆ ಹೊರಟುಹೋಗುತ್ತಾರೆ.

ಕಥೆಯಲ್ಲಿ ಅಬ್ಬರವುಂಟು, ಆಕಸ್ಮಿಕಗಳು ಹೆಚ್ಚಾದವೆಂದು ನೀವು ಹೇಳಬಹುದು, ನಾನು ವಾದಿಸುವುದಿಲ್ಲ. ಆದರೆ ಮುಂದೆ ಯಾವಾಗಲಾದರೂ ನಾಲ್ಕು ಜನರ ನಡುವೆ ಒಬ್ಬ ಹೆಣ್ಣಿನ ನಡತೆಯ ಮಾತು ಬಂದಾಗ ಎಲೆನಾಳನ್ನು ಒಂದು ಗಳಿಗೆ ನೆನೆಯಿರಿ. ಅವಳನ್ನು ಅಲ್ಲಿಗೆ ತಳ್ಳಿದ ಕೈ ಯಾರದೆಂದು ಮೊದಲು ಕೇಳಿ. ಆ ಕೈ ಯಾವುದೋ ಸಂಭಾವಿತರ ಮನೆಯ ಊಟದ ಮೇಜಿನ ಮೇಲೆಯೇ ಇರಬಹುದು.