ಬೇಸಿಗೆಯ ಹೊಳೆ ಮತ್ತು ನಮ್ಮ ಮಕ್ಕಳು

(ಹನಗೋಡಿನ ಮಕ್ಕಳ ಬೇಸಿಗೆ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಪರೀಕ್ಷೆಗಳು ಮುಗಿದಿವೆ. ಇನ್ನು ಮಕ್ಕಳ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ, ನಿಲ್ಲಲೂಬಾರದು. ಹೊಳೆ, ಕೆರೆ, ಮಾವಿನ ತೋಪು, ಕಾಡಂಚುಗಳನ್ನು ಅರಿಯದೆ ಬೆಳೆದವರು ಮುಂದೆ ಅವುಗಳ ಉಳಿವಿಗಾಗಿ ದನಿಯೆತ್ತುವುದು ಕಷ್ಟ. ಆದ್ದರಿಂದ ಹೊಳೆಗೆ ಹೋಗಬೇಡಿರೆಂದು ಹೇಳಲು ನಾನು ಬಂದಿಲ್ಲ. ಹೊಳೆಯನ್ನು ತಿಳಿದು ಹೋಗಿರೆಂದು ಕೋರಲು ಬಂದಿದ್ದೇನೆ.

ನಮ್ಮ ಲಕ್ಷ್ಮಣತೀರ್ಥವು ಕೊಡಗಿನ ಬ್ರಹ್ಮಗಿರಿ ಸಾಲಿನಲ್ಲಿ ಹುಟ್ಟಿ, ಇರ್ಪುವಿನಲ್ಲಿ ಧುಮುಕಿ, ಹನಗೋಡಿನ ಅಣೆಕಟ್ಟನ್ನು ದಾಟಿ, ಹುಣಸೂರಿನ ಮೂಲಕ ಸಾಗಿ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಮಳೆಗಾಲದಲ್ಲಿ ಈ ಹೊಳೆಗೆ ಎಲ್ಲರೂ ಅಂಜುತ್ತಾರೆ. ಬೇಸಿಗೆಯಲ್ಲಿ ಯಾರೂ ಅಂಜುವುದಿಲ್ಲ. ಅಪಾಯವಿರುವುದು ಅಲ್ಲಿಯೇ.

ಮೊಣಕಾಲುದ್ದದ ನೀರಿನಿಂದ ಎರಡೇ ಹೆಜ್ಜೆ ಮುಂದೆ ಆಳುದ್ದದ ಮಡುವಿರಬಹುದು. ತಿರುವಿನಲ್ಲಿ, ಬಂಡೆಯ ಬುಡದಲ್ಲಿ ಹೊಳೆಯೇ ಕೊರೆದ ಮಡುಗಳನ್ನು ಊರಿನ ಹಿರಿಯರು ಬಲ್ಲರು. ಆದರೆ ಮರಳಿಗಾಗಿ ಮನುಷ್ಯರು ತೋಡಿದ ಗುಂಡಿಯನ್ನು ಯಾರೂ ಅರಿಯರು. ಕಳೆದ ವರ್ಷ ಇಲ್ಲದ್ದು ಈ ವರ್ಷ ಇರುತ್ತದೆ. ಅದರ ಅಂಚಿನಲ್ಲಿ ಕಾಲಿಟ್ಟೊಡನೆ ಮರಳು ಕುಸಿಯುತ್ತದೆ. ಮರಳು ತೆಗೆದ ಹೊಳೆಯಲ್ಲಿ ಬಾವಿಗಳ ನೀರು ಇಳಿಯುವುದಷ್ಟೇ ಅಲ್ಲ, ಮಕ್ಕಳ ಜೀವಕ್ಕೂ ಸಂಚಕಾರ ಬರುತ್ತದೆ. ಹೊಳೆಯ ಪಾತ್ರವನ್ನು ಕಾಯುವುದೂ ಮಕ್ಕಳನ್ನು ಕಾಯುವುದೂ ಬೇರೆ ಬೇರೆ ಕೆಲಸಗಳಲ್ಲ.

ಅಣೆಕಟ್ಟಿನ ವಿಷಯವೂ ಹೀಗೆಯೇ. ಕಟ್ಟೆಯ ಮೇಲೆ ತೆಳುವಾಗಿ ಹರಿಯುವ ನೀರಿನಡಿ ಪಾಚಿಯಿರುತ್ತದೆ. ಕೆಳಗೆ ಬಿದ್ದ ನೀರು ಬುಡದಲ್ಲಿ ಸುತ್ತಿ ಸುಳಿದು, ಸಿಕ್ಕಿದವರನ್ನು ಮತ್ತೆ ಕಟ್ಟೆಯ ಕಡೆಗೇ ಸೆಳೆಯುತ್ತದೆ. ಅಲ್ಲಿ ಒಳ್ಳೆಯ ಈಜುಗಾರನೂ ಸೋಲುತ್ತಾನೆ. ಕಟ್ಟೆಯ ಹಿಂಬದಿಯಲ್ಲಿ ಹೂಳಿನಲ್ಲಿ ಕಾಲು ಹೂತುಕೊಳ್ಳುತ್ತದೆ. ನೀರು ಬಿಟ್ಟ ನಾಲೆಯಲ್ಲಿ ಇಳಿಯುವುದು ಸುಲಭ, ನುಣುಪಾದ ಇಳಿಜಾರು ಗೋಡೆಯನ್ನು ಹಿಡಿದು ಹತ್ತುವುದು ಕಷ್ಟ. ಭರಣಿ, ಕೃತ್ತಿಕೆಯ ಮಳೆಗಳು ಬ್ರಹ್ಮಗಿರಿಯಲ್ಲಿ ಸುರಿದಾಗ ಇಲ್ಲಿ ಆಕಾಶ ತಿಳಿಯಾಗಿದ್ದರೂ ಹೊಳೆ ಏರಬಹುದು. ನೀರು ಕೆಂಪಾದರೆ, ಕಸಕಡ್ಡಿ ತೇಲಿ ಬಂದರೆ ಕೂಡಲೇ ದಡ ಸೇರಿರಿ. ಗುಡುಗು ಕೇಳಿಸಿದರೂ ನೀರಿನಲ್ಲಿ ನಿಲ್ಲಬೇಡಿರಿ, ಒಂಟಿ ಮರದಡಿಗೂ ಓಡಬೇಡಿರಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಎಷ್ಟೋ ಕಡೆ ಮುಳುಗುವವನು ಒಬ್ಬ, ಅವನನ್ನು ಎಳೆಯಲು ಹೋಗಿ ಸಾಯುವವರು ಇಬ್ಬರು ಮೂವರು. ಅದಕ್ಕಾಗಿ ಒಂದು ಮಾತನ್ನು ಕಂಠಪಾಠ ಮಾಡಿಕೊಳ್ಳಿರಿ: ಗೆಳೆಯ ಮುಳುಗುತ್ತಿದ್ದರೆ ನೀರಿಗೆ ಹಾರಬೇಡಿರಿ. ಕೂಗಿ ಜನರನ್ನು ಕರೆಯಿರಿ. ದಡದಲ್ಲಿ ಮಲಗಿ ಬಿದಿರಗಳುವನ್ನೋ ಪಂಚೆಯನ್ನೋ ಚಾಚಿರಿ. ಹಗ್ಗ, ಟ್ಯೂಬು, ಮುಚ್ಚಳ ಬಿಗಿದ ಖಾಲಿ ಕ್ಯಾನು, ಏನು ಸಿಕ್ಕಿದರೂ ಎಸೆಯಿರಿ.

ಮೇಲೆತ್ತಿದವರನ್ನು ತಲೆಕೆಳಗಾಗಿ ಹಿಡಿಯುವುದು, ಹೊಟ್ಟೆ ಒತ್ತುವುದು, ಗಿರಗಿರನೆ ತಿರುಗಿಸುವುದು ನಮ್ಮಲ್ಲಿರುವ ರೂಢಿ. ಇದರಿಂದ ಅಮೂಲ್ಯ ನಿಮಿಷಗಳು ಕಳೆದುಹೋಗುತ್ತವೆ. ಒಬ್ಬರು 108ಕ್ಕೆ ಕರೆ ಮಾಡಲಿ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು 2 ಬಾರಿ ಊದಿರಿ. ಬಳಿಕ ಎದೆಯ ನಡುವೆ 30 ಬಾರಿ ಬಲವಾಗಿ, ಬೇಗಬೇಗನೆ ಒತ್ತಿರಿ. ಮತ್ತೆ 2 ಬಾರಿ ಊದಿರಿ. ನೆರವು ಬರುವವರೆಗೆ ನಿಲ್ಲಿಸದಿರಿ. ಇದನ್ನು ಆರೋಗ್ಯ ಕೇಂದ್ರದವರಿಂದ ಮೊದಲೇ ಕಲಿತಿಟ್ಟುಕೊಳ್ಳುವುದು ಲೇಸು.

ಇನ್ನು ಕಾಡಂಚಿನ ಮಾತು. ಬೇಸಿಗೆಯಲ್ಲಿ ನಾಗರಹೊಳೆಯ ಆನೆಗಳಿಗೂ ದಾಹವಿದೆ. ಮುಸ್ಸಂಜೆಯಿಂದ ಬೆಳಗು ಹರಿಯುವವರೆಗೆ ಕಾಡಂಚಿನ ಹೊಳೆದಡವನ್ನು ಅವುಗಳಿಗೆ ಬಿಟ್ಟುಕೊಡೋಣ.

ಹಿಂದೆ ಮಕ್ಕಳ ಬೆನ್ನಿಗೆ ಒಣ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ, ಹಿರಿಯರು ಜೊತೆಗೆ ನಿಂತು ಈಜು ಕಲಿಸುತ್ತಿದ್ದರು. ಅಲ್ಲಿ ಕಲಿಸುತ್ತಿದ್ದುದು ಕೈಕಾಲು ಬಡಿಯುವುದನ್ನಷ್ಟೇ ಅಲ್ಲ. ಯಾವ ಮಡು ಎಲ್ಲಿದೆ, ಯಾವ ಬಂಡೆ ಜಾರುತ್ತದೆ ಎಂಬುದನ್ನೂ. ಹಿರಿಯರೇ, ಆ ತಿಳಿವಳಿಕೆಯನ್ನು ನಿಮ್ಮೊಂದಿಗೇ ಉಳಿಸಿಕೊಳ್ಳಬೇಡಿರಿ. ಈ ವಾರವೇ ಮಕ್ಕಳೊಡನೆ ಹೊಳೆದಡದಲ್ಲಿ ನಡೆಯಿರಿ, ಮಡುಗಳನ್ನು ತೋರಿಸಿರಿ. ಹೆಣ್ಣುಮಕ್ಕಳಿಗೂ ಈಜು ಕಲಿಸಿರಿ. ಬಟ್ಟೆ ಒಗೆಯಲು ನೀರಿಗಿಳಿಯುವವರು ಅವರೇ. ವಿದ್ಯಾರ್ಥಿಗಳೇ, ಅಪಾಯದ ಜಾಗಗಳ ನಕ್ಷೆ ಬರೆದು ಗ್ರಾಮ ಪಂಚಾಯಿತಿಗೆ ಕೊಡಿರಿ. ಹೊಸ ಮರಳುಗುಂಡಿ ಕಂಡರೆ ಅದನ್ನೂ ಗುರುತಿಸಿರಿ.

ಜೂನ್‌ನಲ್ಲಿ ಶಾಲೆಯ ಹಾಜರಿ ಕೂಗುವಾಗ ಪ್ರತಿಯೊಂದು ಹೆಸರಿಗೂ ಉತ್ತರ ಬರಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.