ಹೊಟ್ಟೆಯೊಳಗಿನ ಪಾಪುವಿಗೆ ಊಟ ಹೋಗುವ ದಾರಿ

ಮಕ್ಕಳೇ, ಹೊಟ್ಟೆಯೊಳಗಿನ ಪಾಪು ಬಾಯಿಂದ ಊಟ ಮಾಡುವುದಿಲ್ಲ. ಉಸಿರಾಡಲು ಅಲ್ಲಿ ಗಾಳಿಯೂ ಇಲ್ಲ. ಆದರೂ ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕದಿದ್ದ ಜೀವ ಒಂಬತ್ತು ತಿಂಗಳಲ್ಲಿ ಸುಮಾರು 3 ಕಿಲೋ ತೂಗುವ ಕೂಸಾಗುತ್ತದೆ. ಇಷ್ಟು ಬೆಳೆಯಲು ಬೇಕಾದದ್ದೆಲ್ಲ ಅದಕ್ಕೆ ಎಲ್ಲಿಂದ ಬರುತ್ತದೆ?

ಎಲ್ಲವೂ ಅಮ್ಮನಿಂದಲೇ. ಅಮ್ಮನ ಗರ್ಭಕೋಶದ ಒಳಗೋಡೆಗೆ ಅಂಟಿಕೊಂಡು ಮಾಸು ಎಂಬ ಅಂಗ ಬೆಳೆಯುತ್ತದೆ. ತುಮಕೂರು ಹತ್ತಿರದ ದೇವರಾಯನದುರ್ಗ ಬೆಟ್ಟದ ತಪ್ಪಲಿನ ಹಸಿ ಹೊಲದಲ್ಲಿ ಒಂದು ರಾಗಿ ಪೈರನ್ನು ಮೆಲ್ಲಗೆ ಕಿತ್ತು ನೋಡಿ. ಬುಡದಲ್ಲಿ ಕೂದಲೆಳೆಯಂಥ ಬೇರುಗಳಿರುತ್ತವಲ್ಲ, ಮಾಸಿನಲ್ಲೂ ಅಂಥವೇ ಎಳೆಗಳಿವೆ. ಅವು ಅಮ್ಮನ ರಕ್ತದಲ್ಲಿ ನೆನೆಯುತ್ತಿರುತ್ತವೆ. ಅಮ್ಮನ ರಕ್ತ, ಪಾಪುವಿನ ರಕ್ತ ಎರಡೂ ಬೆರೆಯುವುದಿಲ್ಲ. ಎಳೆಗಳ ತೆಳು ಪದರವನ್ನು ದಾಟಿ ಸಕ್ಕರೆ, ಪ್ರೋಟೀನಿನ ಅಂಶ, ಕಬ್ಬಿಣ, ಕ್ಯಾಲ್ಸಿಯಂ, ಆಮ್ಲಜನಕ ಪಾಪುವಿನ ಕಡೆಗೆ ಹೋಗುತ್ತವೆ. ಪಾಪುವಿಗೆ ಬೇಡವಾದದ್ದು ಅಮ್ಮನ ಕಡೆಗೆ ಬರುತ್ತದೆ. ಇವನ್ನು ಸಾಗಿಸುವುದು ಹೊಕ್ಕುಳ ಬಳ್ಳಿ. ನಿಮ್ಮ ಹೊಕ್ಕುಳನ್ನು ಮುಟ್ಟಿ ನೋಡಿಕೊಳ್ಳಿ. ನಿಮಗೂ ಊಟ ಬರುತ್ತಿದ್ದದ್ದು ಅಲ್ಲಿಂದಲೇ.

ಈಗ ತಟ್ಟೆಯ ಕಡೆ ನೋಡೋಣ. ಮಿದುಳು, ಬೆನ್ನುಹುರಿ ಆಗಬೇಕಾದ ಪುಟ್ಟ ಕೊಳವೆ ಮೊದಲ ನಾಲ್ಕು ವಾರದೊಳಗೇ ಮುಚ್ಚಿಕೊಳ್ಳುತ್ತದೆ. ಅದು ಸರಿಯಾಗಿ ಮುಚ್ಚಲು ಫೋಲಿಕ್ ಆಮ್ಲ ಬೇಕು. ಸೊಪ್ಪು, ಕಾಳುಗಳಲ್ಲಿ ಅದು ಇದೆ. ಸಾಲದೆ ಹೋಗಬಾರದೆಂದು ಡಾಕ್ಟರು ಮಾತ್ರೆಯನ್ನೂ ಕೊಡುತ್ತಾರೆ. ಮೂಳೆಗೆ ಕ್ಯಾಲ್ಸಿಯಂ ಬೇಕು. ಇಲ್ಲಿ ನಮ್ಮ ತುಮಕೂರು ಸೀಮೆಯ ಮುದ್ದೆ ಕೈಹಿಡಿಯುತ್ತದೆ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಅಷ್ಟೇ ಅಕ್ಕಿಯಲ್ಲಿ ಇರುವುದು 10ರ ಆಸುಪಾಸು. ಬಸುರಿಯ ಮೈಯಲ್ಲಿ ರಕ್ತವೂ ಹೆಚ್ಚುಕಡಿಮೆ ಅರ್ಧದಷ್ಟು ಜಾಸ್ತಿಯಾಗುತ್ತದೆ. ರಕ್ತ ಆಗಲು ಕಬ್ಬಿಣ ಬೇಕು, ಅದಕ್ಕೇ ಕಬ್ಬಿಣದ ಮಾತ್ರೆ. ಹುರುಳಿಕಾಳಿನ ಸಾರಿಗೆ ನಿಂಬೆಹಣ್ಣು ಹಿಂಡಿಕೊಂಡರೆ ಕಾಳಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಟೀ ಕುಡಿದರೆ ಕಡಿಮೆ ಹತ್ತುತ್ತದೆ.

1990ರ ದಶಕದಲ್ಲಿ ವಿಜ್ಞಾನಿಗಳು ಪುಣೆ ಹತ್ತಿರದ ಹಳ್ಳಿಗಳಲ್ಲಿ ಬಸುರಿಯರ ಊಟ, ಕೆಲಸ ಎರಡನ್ನೂ ಬರೆದಿಟ್ಟು ನೋಡಿದರು. ಹಸಿರು ಸೊಪ್ಪು, ಹಣ್ಣುಗಳನ್ನು ಆಗಾಗ ತಿಂದ ಅಮ್ಮಂದಿರ ಕೂಸುಗಳ ತೂಕ ಚೆನ್ನಾಗಿತ್ತು. ಹೊಲದ ದುಡಿತ, ನೀರು ಹೊರುವುದು ಹೆಚ್ಚಾಗಿದ್ದ ಅಮ್ಮಂದಿರ ಕೂಸುಗಳು ಚಿಕ್ಕದಾಗಿ ಹುಟ್ಟಿದ್ದವು.

ಹುಟ್ಟುವಾಗಿನ ತೂಕ ಯಾಕೆ ಮುಖ್ಯ? ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅಂದರೆ ಜನ ಮಿಷನ್ ಆಸ್ಪತ್ರೆ ಎಂದು ಕರೆಯುವಲ್ಲಿ, 1934ರಿಂದ ಕೂಸುಗಳ ತೂಕವನ್ನು ಜೋಪಾನವಾಗಿ ಬರೆದಿಟ್ಟಿದ್ದರು. ಅಲ್ಲಿ ಹುಟ್ಟಿದವರು ದೊಡ್ಡವರಾದ ಮೇಲೆ ವಿಜ್ಞಾನಿಗಳು ಅವರನ್ನು ಹುಡುಕಿ ಪರೀಕ್ಷೆ ಮಾಡಿದರು. 1996ರಲ್ಲಿ ಫಲಿತಾಂಶ ಪ್ರಕಟವಾಯಿತು: ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ 100ಕ್ಕೆ 11 ಮಂದಿಗೆ ಹೃದಯದ ಕಾಯಿಲೆ ಇತ್ತು, 3.1 ಕಿಲೋಗಿಂತ ಹೆಚ್ಚಿದ್ದವರಲ್ಲಿ 3 ಮಂದಿಗೆ. ಚಿಕ್ಕದಾಗಿ ಹುಟ್ಟಿದವರು ಹೆದರಬೇಕಿಲ್ಲ. ಆಮೇಲಿನ ಒಳ್ಳೆಯ ಊಟ, ಓಟ, ಆಟ ಎಲ್ಲವೂ ಹೃದಯವನ್ನು ಕಾಪಾಡುತ್ತವೆ.

ದುಡಿತ ಹೆಚ್ಚಾದರೆ ಕೂಸು ಚಿಕ್ಕದಾಗುತ್ತದೆ ಎಂದಾದರೆ ಬಸುರಿ ಸುಮ್ಮನೆ ಮಲಗಿರಬೇಕೇ? ಬೇಡ. ಭಾರದ ಕೆಲಸ ಬೇರೆ, ಹಗುರ ನಡಿಗೆ ಬೇರೆ. ದಿನವಿಡೀ ದುಡಿದರೆ ಉಂಡದ್ದೆಲ್ಲ ದುಡಿತಕ್ಕೇ ಖರ್ಚಾಗಿ ಪಾಪುವಿನ ಪಾಲು ಕಡಿಮೆಯಾಗುತ್ತದೆ. ಮೆಲ್ಲಗೆ ನಡೆದಾಗ ಅಮ್ಮನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಹದವಾಗಿ ಬಳಸುತ್ತವೆ. ಸಕ್ಕರೆ ಮಿತಿಮೀರಿದರೆ ಅದೂ ಮಾಸು ದಾಟಿ ಪಾಪು ಅತಿಯಾಗಿ ದಪ್ಪಗಾಗಬಹುದು. ಡಾಕ್ಟರು ಬೇಡವೆನ್ನದಿದ್ದರೆ ವಾರಕ್ಕೆ 150 ನಿಮಿಷ ಇಂಥ ಚಟುವಟಿಕೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕೆ ದೇವರಾಯನದುರ್ಗದ ಯೋಗಾನರಸಿಂಹಸ್ವಾಮಿಯ ಬೆಟ್ಟ ಹತ್ತಬೇಕಿಲ್ಲ, ಊರಿನ ಸಮತಟ್ಟು ದಾರಿ ಸಾಕು.

ಮನೆಯಲ್ಲಿ ಎಲ್ಲರಿಗೂ ಬಡಿಸಿ, ಉಳಿದದ್ದನ್ನು ತಾನು ಉಣ್ಣುವ ಅಮ್ಮಂದಿರು ನಮ್ಮಲ್ಲಿ ಬಹಳ. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಶುರುವಾದ ಮಾತೃಪೂರ್ಣ ಯೋಜನೆ ಇದನ್ನು ಅರಿತೇ ಬಸುರಿ, ಬಾಣಂತಿಯರನ್ನು ಅಂಗನವಾಡಿಗೆ ಕರೆಯಿತು. ಅನ್ನ, ಸಾರು, ಪಲ್ಯ, ಮೊಟ್ಟೆ, ಹಾಲು, ಕಡಲೆಕಾಯಿ ಚಿಕ್ಕಿಯನ್ನು ಅವರು ಅಲ್ಲೇ ಕೂತು ಉಣ್ಣಲಿ ಎಂಬುದು ಅದರ ಉದ್ದೇಶ.

ನಿಮ್ಮ ಮನೆಯಲ್ಲಿ ಅಮ್ಮನೋ ಅಕ್ಕನೋ ಅತ್ತಿಗೆಯೋ ಬಸುರಿಯಾಗಿದ್ದರೆ ನಿಮಗೂ ಕೆಲಸವಿದೆ. ನೀರಿನ ಕೊಡ ಅವರ ಸೊಂಟಕ್ಕೇರುವ ಮೊದಲೇ ನೀವು ಚಿಕ್ಕ ಬಿಂದಿಗೆಯಲ್ಲಿ ತಂದಿಡಿ. ನುಗ್ಗೆಸೊಪ್ಪು ಬಿಡಿಸಿಕೊಡಿ. ಸಂಜೆ ಜೊತೆಯಲ್ಲಿ ನಡೆಯಿರಿ. ಊಟದ ಹೊತ್ತಿಗೆ ಮೊದಲ ತಟ್ಟೆಯನ್ನು ಅವರ ಮುಂದಿಡಿ. ಅದರಲ್ಲಿ ಇಬ್ಬರ ಪಾಲಿದೆ.